ಸೊಸೆ ಫಿಲಿಪ್ಪೀನ್ಸಿನವಳು, ಊರು ಆಳಂದ: ಗಂಡನ ಮನೆಗೆ ಬರಲು ವೀಸಾ ಬೇಕೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ತ್ವರಿತ ನೋಟ

ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಭಾರತಕ್ಕೆ ಬರಲು ವೀಸಾ ಬೇಕಿಲ್ಲ, ಮದುವೆಯಾದ ದಿನವೇ ಪೌರತ್ವ ಸಿಗುತ್ತದೆ, ಮನೆಯಲ್ಲಿ ಉಳಿದುಕೊಂಡರೆ ಪೊಲೀಸರಿಗೆ ತಿಳಿಸಬೇಕಿಲ್ಲ ಎಂಬಂಥ ಮಾತುಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ನಿಯಮಗಳನ್ನು ಪರಿಶೀಲಿಸಿದಾಗ ಈ ಮೂರೂ ತಪ್ಪು. ವೀಸಾ ಬೇಕು, ಆದರೆ ಗಂಡ ಅಥವಾ ಹೆಂಡತಿ ಭಾರತೀಯರಾಗಿದ್ದರೆ ಆಯ್ಕೆಗಳು ಹೆಚ್ಚು. ಕಡಿಮೆ ದಿನಕ್ಕೆ ಇ-ಟೂರಿಸ್ಟ್ ವೀಸಾ, ಹೆಚ್ಚು ದಿನಕ್ಕೆ ಎಂಟ್ರಿ ವೀಸಾ, ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲೆ ಒಸಿಐ ಕಾರ್ಡ್. ಈ ಲೇಖನ 2025ರ ಅಂತ್ಯದವರೆಗಿನ ನಿಯಮಗಳನ್ನು ಆಧರಿಸಿದೆ.

ಈ ಪ್ರಶ್ನೆ ಏಕೆ ಬಂತು?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ದುಡಿಮೆಗಾಗಿ ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವುದು ಹಳೆಯ ಮಾತು. ಅಲ್ಲಿಂದ ಮುಂದೆ ಕೊಲ್ಲಿ ದೇಶಗಳಿಗೆ ಹೋದವರೂ ಇದ್ದಾರೆ. ದುಬೈ, ದೋಹಾ, ರಿಯಾದ್‌ನಂಥ ಊರುಗಳಲ್ಲಿ ಆಸ್ಪತ್ರೆ, ಹೋಟೆಲ್, ಅಂಗಡಿಗಳಲ್ಲಿ ಭಾರತೀಯರ ಪಕ್ಕದಲ್ಲೇ ಕೆಲಸ ಮಾಡುವವರಲ್ಲಿ ಫಿಲಿಪ್ಪೀನ್ಸಿನವರು ಬಹಳ. ಇನ್ನೊಂದು ಕಡೆ, ವೈದ್ಯಕೀಯ ಓದಲು ಭಾರತದ ಮಕ್ಕಳು ಫಿಲಿಪ್ಪೀನ್ಸಿಗೇ ಹೋಗುತ್ತಾರೆ. ಪರಿಚಯ ಸ್ನೇಹವಾಗಿ, ಸ್ನೇಹ ಮದುವೆಯಾಗುವುದು ಅಲ್ಲಿ ಹೊಸದಲ್ಲ.

ಮದುವೆ ದುಬೈಯಲ್ಲೋ ಮನಿಲಾದಲ್ಲೋ ಆಗಿಬಿಡುತ್ತದೆ. ತೊಡಕು ಶುರುವಾಗುವುದು ಊರಿಗೆ ಬರುವಾಗ. ಅತ್ತೆ-ಮಾವನಿಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಆಸೆ, ಮಗನಿಗೆ ರಜೆ ಇಪ್ಪತ್ತೇ ದಿನ, ಸೊಸೆಯ ಕೈಯಲ್ಲಿ ಬೇರೆ ದೇಶದ ಪಾಸ್‌ಪೋರ್ಟ್. ಆಗ ಯಾರೋ ಒಬ್ಬರು ಗುಂಪಿನಲ್ಲಿ ಬಂದ ಸಂದೇಶ ತೋರಿಸಿ, ‘ಗಂಡ ಭಾರತದವನಿದ್ದರೆ ಏನೂ ಬೇಕಿಲ್ಲ’ ಎನ್ನುತ್ತಾರೆ. ಅದನ್ನು ನಂಬಿ ಟಿಕೆಟ್ ತೆಗೆದರೆ ವಿಮಾನ ಹತ್ತುವ ಮೊದಲೇ ತಡೆ ಬೀಳುತ್ತದೆ. ವೀಸಾ ಇಲ್ಲದ ಪ್ರಯಾಣಿಕರನ್ನು ವಿಮಾನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ, ಏಕೆಂದರೆ ದಂಡ ಕಂಪನಿಯ ಮೇಲೂ ಬೀಳುತ್ತದೆ.

ಹೇಳಿಕೆ 1: ಭಾರತೀಯನನ್ನು ಮದುವೆಯಾದರೆ ವೀಸಾ ಬೇಡ

ತಪ್ಪು. ವೀಸಾ ಕೇಳುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ನೋಡಿ, ಮದುವೆ ಯಾರ ಜೊತೆ ಎಂದು ನೋಡಿ ಅಲ್ಲ. ನೇಪಾಳ ಮತ್ತು ಭೂತಾನಿನ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಬರಬಹುದು. ಫಿಲಿಪ್ಪೀನ್ಸ್, ಅಮೆರಿಕ, ಬ್ರಿಟನ್ ಸೇರಿ ಉಳಿದ ಬಹುತೇಕ ದೇಶದವರಿಗೆ, ಗಂಡ ಕಲಬುರಗಿಯವನಾದರೂ, ವೀಸಾ ಅಥವಾ ಒಸಿಐ ಕಾರ್ಡ್ ಇರಲೇಬೇಕು.

ಇಲ್ಲಿ ಇನ್ನೊಂದು ಗೊಂದಲವಿದೆ. 2025ರ ಆಗಸ್ಟ್‌ನಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷರು ಭಾರತಕ್ಕೆ ಬಂದಿದ್ದಾಗ, ಆ ದೇಶದ ಪ್ರಜೆಗಳಿಗೆ ಒಂದು ವರ್ಷದ ಮಟ್ಟಿಗೆ ಇ-ಟೂರಿಸ್ಟ್ ವೀಸಾವನ್ನು ಶುಲ್ಕವಿಲ್ಲದೆ ಕೊಡುವುದಾಗಿ ಭಾರತ ಪ್ರಕಟಿಸಿತು. ಈ ಸುದ್ದಿ ಕೈಯಿಂದ ಕೈಗೆ ಹೋಗುತ್ತ ‘ವೀಸಾ ಫ್ರೀ’ ಎಂದಾಯಿತು. ಫ್ರೀ ಆಗಿದ್ದು ಶುಲ್ಕ ಮಾತ್ರ, ವೀಸಾ ಅಲ್ಲ. ಅರ್ಜಿ ಹಾಕಬೇಕು, ಒಪ್ಪಿಗೆ ಬರಬೇಕು, ಆಮೇಲೆ ಹೊರಡಬೇಕು. ಈ ರಿಯಾಯಿತಿಗೆ ಅವಧಿಯೂ ಇದೆ. ಅರ್ಜಿ ಹಾಕುವ ದಿನ ಸರ್ಕಾರಿ ಜಾಲತಾಣದಲ್ಲಿ ಶುಲ್ಕ ಎಷ್ಟು ತೋರಿಸುತ್ತದೋ ಅದೇ ಸರಿ.

ಆಯ್ಕೆ ಒಂದು: ಇ-ಟೂರಿಸ್ಟ್ ವೀಸಾ

ಜಾತ್ರೆ, ಮದುವೆ, ತೊಟ್ಟಿಲು, ಹಬ್ಬ ಎಂದು ಕೆಲವು ವಾರಗಳಿಗೆ ಬರುವವರಿಗೆ ಇದು ಸುಲಭದ ದಾರಿ. ಪ್ರವಾಸಕ್ಕಷ್ಟೇ ಅಲ್ಲ, ಬಂಧುಗಳನ್ನು, ಸ್ನೇಹಿತರನ್ನು ನೋಡಲು ಬರುವುದಕ್ಕೂ ಇದೇ ವೀಸಾ. ಆದ್ದರಿಂದ ಗಂಡನ ಮನೆ ನೋಡಲು ಬರುವ ಸೊಸೆ ಇದರಲ್ಲಿ ಬಂದರೆ ಸುಳ್ಳು ಹೇಳಿದಂತಾಗುವುದಿಲ್ಲ.

ಇದರಲ್ಲಿ ಮೂರು ಬಗೆ: 30 ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು. 30 ದಿನದ ವೀಸಾಕ್ಕೆ ಪ್ರಯಾಣಕ್ಕೆ 30 ದಿನ ಮುಂಚಿನಿಂದ, ಉಳಿದೆರಡಕ್ಕೆ 120 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಪ್ರಯಾಣಕ್ಕೆ ಕನಿಷ್ಠ ನಾಲ್ಕು ದಿನ ಮೊದಲು ಅರ್ಜಿ ಮುಗಿಸಿರಬೇಕು.

ಬೇಕಾಗುವುದು ಹೆಚ್ಚಿಲ್ಲ. ಆರು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟ್, ಅದರಲ್ಲಿ ಎರಡು ಖಾಲಿ ಪುಟ, ಬಿಳಿ ಹಿನ್ನೆಲೆಯ ಫೋಟೊ, ಪಾಸ್‌ಪೋರ್ಟಿನ ಮೊದಲ ಪುಟದ ಸ್ಕ್ಯಾನ್ ಪ್ರತಿ. ಅರ್ಜಿಯಲ್ಲಿ ಭಾರತದಲ್ಲಿ ಪರಿಚಯದವರು ಯಾರು ಎಂದು ಕೇಳುವ ಜಾಗವಿದೆ. ಅಲ್ಲಿ ಗಂಡನ ಮನೆಯವರ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಮತ್ತು ನಡೆಯುತ್ತಿರುವ ಮೊಬೈಲ್ ಸಂಖ್ಯೆ ಬರೆಯಬೇಕು. ಆಧಾರ್‌ನಲ್ಲಿ ವಿಳಾಸ ಹೇಗಿದೆಯೋ ಹಾಗೆಯೇ ಬರೆದರೆ ಮುಂದೆ ಗೊಂದಲವಿರುವುದಿಲ್ಲ.

ಒಪ್ಪಿಗೆ ಇಮೇಲ್‌ನಲ್ಲಿ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಬೇಕು. ವೀಸಾ ಮುದ್ರೆ ಬೀಳುವುದು ಭಾರತದಲ್ಲಿ ಇಳಿದ ಮೇಲೆ, ಬೆರಳಚ್ಚು ಕೊಟ್ಟ ನಂತರ. ಇ-ವೀಸಾ ಇದ್ದವರು ಗೊತ್ತುಪಡಿಸಿದ ನಿಲ್ದಾಣಗಳಲ್ಲಿ ಮಾತ್ರ ಇಳಿಯಬಹುದು. ಹೈದರಾಬಾದ್, ಬೆಂಗಳೂರು, ಮುಂಬೈ ಆ ಪಟ್ಟಿಯಲ್ಲಿವೆ. ಕಲಬುರಗಿಯಲ್ಲಿ 2019ರ ನವೆಂಬರ್‌ನಿಂದ ವಿಮಾನ ನಿಲ್ದಾಣ ಇದ್ದರೂ ಅದು ದೇಶದೊಳಗಿನ ಹಾರಾಟಕ್ಕೆ ಮಾತ್ರ. ವಿದೇಶದಿಂದ ನೇರ ಅಲ್ಲಿಗೆ ಇಳಿಯಲು ಬರುವುದಿಲ್ಲ.

ಮಿತಿಗಳನ್ನೂ ತಿಳಿದಿರಬೇಕು. ಐದು ವರ್ಷದ ವೀಸಾ ಎಂದರೆ ಐದು ವರ್ಷ ಇಲ್ಲೇ ಇರಬಹುದು ಎಂದಲ್ಲ. ಐದು ವರ್ಷದಲ್ಲಿ ಹಲವು ಸಲ ಬಂದು ಹೋಗಬಹುದು, ಆದರೆ ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಒಂದು ಸಲ ಬಂದಾಗ ಎಷ್ಟು ದಿನ ಇರಬಹುದು ಎಂಬುದನ್ನು ಪಾಸ್‌ಪೋರ್ಟಿನ ಮುದ್ರೆ ಮತ್ತು ಒಪ್ಪಿಗೆ ಪತ್ರದಲ್ಲಿ ನೋಡಿಕೊಳ್ಳಬೇಕು. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಧರ್ಮಪ್ರಚಾರ ಮಾಡುವಂತಿಲ್ಲ. ದೇವಲ ಗಾಣಗಾಪುರದ ದತ್ತನ ದರ್ಶನಕ್ಕೋ, ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೋ ಮನೆಯವರ ಜೊತೆ ಹೋಗಿ ಬರಲು ಅಡ್ಡಿಯಿಲ್ಲ.

2025ರ ಅಕ್ಟೋಬರ್ 1ರಿಂದ ವಿದೇಶಿ ಪ್ರಯಾಣಿಕರು ಇಳಿಯುವ 72 ಗಂಟೆಯೊಳಗೆ ಇ-ಅರೈವಲ್ ಕಾರ್ಡನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದು ವೀಸಾ ಅಲ್ಲ, ಇದಕ್ಕೆ ಶುಲ್ಕವೂ ಇಲ್ಲ. ಯಾರಾದರೂ ಇದಕ್ಕೆ ಹಣ ಕೇಳಿದರೆ ಅದು ಮೋಸ.

ಆಯ್ಕೆ ಎರಡು: ಎಂಟ್ರಿ ವೀಸಾ (ಎಕ್ಸ್ ವೀಸಾ)

ಬಾಣಂತನ, ಅತ್ತೆಯ ಆರೈಕೆ, ಮಗುವಿನ ಶಾಲೆ ಎಂದು ತಿಂಗಳುಗಟ್ಟಲೆ ಇರಬೇಕಾದವರಿಗೆ ಟೂರಿಸ್ಟ್ ವೀಸಾ ಸಾಲದು. ಭಾರತೀಯರ ಗಂಡ, ಹೆಂಡತಿ, ಮಕ್ಕಳಿಗೆಂದೇ ಎಂಟ್ರಿ ವೀಸಾ ಇದೆ. ಹಲವು ಸಲ ಬಂದು ಹೋಗುವ ಸೌಲಭ್ಯದೊಡನೆ ಐದು ವರ್ಷದವರೆಗೂ ಕೊಡಬಹುದು. ಅರ್ಜಿ ಹಾಕುವುದು ತಾವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ, ಅಂದರೆ ಸೊಸೆ ಮನಿಲಾದಲ್ಲಿದ್ದರೆ ಮನಿಲಾದಲ್ಲಿ, ದುಬೈಯಲ್ಲಿದ್ದರೆ ದುಬೈಯಲ್ಲಿ. ಮದುವೆ ಪ್ರಮಾಣಪತ್ರ ಮತ್ತು ಭಾರತೀಯ ಸಂಗಾತಿಯ ಪಾಸ್‌ಪೋರ್ಟ್ ಪ್ರತಿ ಮುಖ್ಯ ದಾಖಲೆಗಳು.

ಒಂದೇ ಭೇಟಿಯಲ್ಲಿ 180 ದಿನ ಮೀರಿ ಇರುವುದಾದರೆ, ಆ 180 ದಿನ ಮುಗಿಯುವ ಮೊದಲೇ ನೋಂದಣಿ ಮಾಡಿಸಬೇಕು. ಅದಕ್ಕಿಂತ ಕಡಿಮೆ ಇದ್ದು ಹೋಗುವವರಿಗೆ ಸಾಮಾನ್ಯವಾಗಿ ಈ ನೋಂದಣಿ ಬೇಕಿಲ್ಲ. ಎಂಟ್ರಿ ವೀಸಾದಲ್ಲೂ ಅನುಮತಿಯಿಲ್ಲದೆ ನೌಕರಿ, ವ್ಯಾಪಾರ ಮಾಡುವಂತಿಲ್ಲ.

ಬೇರೆ ವೀಸಾದಲ್ಲಿ ಬಂದು ಇಲ್ಲೇ ಮದುವೆಯಾದವರು ಏನು ಮಾಡಬೇಕು? ಭಾರತೀಯರನ್ನು ಮದುವೆಯಾದ ವಿದೇಶಿಯರು ತಮ್ಮ ವೀಸಾವನ್ನು ಎಂಟ್ರಿ ವೀಸಾ ಆಗಿ ಬದಲಿಸಿಕೊಡಿ ಎಂದು ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಒಪ್ಪುವುದು ಬಿಡುವುದು ಅಧಿಕಾರಿಗಳಿಗೆ ಬಿಟ್ಟದ್ದು, ದಾಖಲೆಗಳ ಪರಿಶೀಲನೆಯೂ ನಡೆಯುತ್ತದೆ. ಆದ್ದರಿಂದ ವೀಸಾ ಅವಧಿ ಮುಗಿಯುವ ಹಿಂದಿನ ದಿನದವರೆಗೆ ಕಾಯುವುದು ಬೇಡ.

ಆಯ್ಕೆ ಮೂರು: ಒಸಿಐ ಕಾರ್ಡ್

ಪ್ರತಿ ಸಲ ವೀಸಾ ತಾಪತ್ರಯ ಬೇಡ ಎನ್ನುವವರಿಗೆ ಕೊನೆಯ ನಿಲ್ದಾಣ ಇದು. 1955ರ ಪೌರತ್ವ ಕಾಯ್ದೆಯ 7ಎ ಕಲಮಿನಲ್ಲಿ ಇದರ ವಿವರ ಇದೆ. ಭಾರತೀಯರ ವಿದೇಶಿ ಸಂಗಾತಿಗೆ ಎರಡು ಷರತ್ತು: ಮದುವೆ ನೋಂದಣಿಯಾಗಿರಬೇಕು, ಮತ್ತು ಅರ್ಜಿ ಹಾಕುವ ದಿನಕ್ಕೆ ಆ ಮದುವೆ ಕನಿಷ್ಠ ಎರಡು ವರ್ಷ ಮುರಿಯದೆ ನಡೆದಿರಬೇಕು. ಜೊತೆಗೆ ಭದ್ರತಾ ಪರಿಶೀಲನೆ ನಡೆಯುತ್ತದೆ.

ಕಾರ್ಡ್ ಸಿಕ್ಕ ಮೇಲೆ ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. 180 ದಿನ ಎಣಿಸುತ್ತ ಕೂರಬೇಕಿಲ್ಲ. ಶುಲ್ಕ ವಿದೇಶದಲ್ಲಿ ಅರ್ಜಿ ಹಾಕಿದರೆ 275 ಅಮೆರಿಕನ್ ಡಾಲರ್, ಭಾರತದಲ್ಲಿ ಹಾಕಿದರೆ 15,000 ರೂಪಾಯಿ. ಟೂರಿಸ್ಟ್ ವೀಸಾದಲ್ಲಿ ಬಂದವರು ಭಾರತದೊಳಗಿಂದ ಒಸಿಐಗೆ ಅರ್ಜಿ ಹಾಕುವಂತಿಲ್ಲ ಎಂಬುದು ಬಹಳ ಜನ ತಪ್ಪುವ ಜಾಗ. ಊರಿಗೆ ಬಂದಾಗ ಹಾಕೋಣ ಎಂದುಕೊಂಡು ಟೂರಿಸ್ಟ್ ವೀಸಾದಲ್ಲಿ ಬಂದರೆ ಪ್ರಯಾಣದ ಉದ್ದೇಶವೇ ಕೆಡುತ್ತದೆ.

ಅರ್ಜಿದಾರರು, ಅವರ ತಂದೆ-ತಾಯಿ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿ ಇವರಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಒಸಿಐ ಸಿಗುವುದಿಲ್ಲ.

ಮದುವೆ ಕಾನೂನಿನಂತೆ ಮುರಿದುಬಿದ್ದರೆ, ಇಲ್ಲವೇ ಈ ಮದುವೆ ಇರುವಾಗಲೇ ಇನ್ನೊಂದು ಮದುವೆಯಾದರೆ, ಸಂಗಾತಿಯ ನೆಲೆಯಲ್ಲಿ ಪಡೆದ ಒಸಿಐ ರದ್ದಾಗಬಹುದು. ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ ಅದರ ಪ್ರತಿ ಮತ್ತು ಮದುವೆ ಈಗಲೂ ಊರ್ಜಿತದಲ್ಲಿದೆ ಎಂಬ ಘೋಷಣೆಯನ್ನು ಜಾಲತಾಣಕ್ಕೆ ಸೇರಿಸಬೇಕು.

ಹೇಳಿಕೆ 2: ಒಸಿಐ ಎಂದರೆ ಎರಡು ದೇಶದ ಪೌರತ್ವ, ಹೊಲವನ್ನೂ ಕೊಳ್ಳಬಹುದು

ತಪ್ಪು. ಹೆಸರಿನಲ್ಲಿ ‘ಸಿಟಿಜನ್’ ಎಂಬ ಪದ ಇರುವುದರಿಂದ ಈ ಭ್ರಮೆ. ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವಿಲ್ಲ. ಒಸಿಐ ಇದ್ದವರಿಗೆ ಮತದಾನದ ಹಕ್ಕಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿಯೂ ಇಲ್ಲ.

ತೊಗರಿ ಹೊಲ ನಂಬಿ ಬದುಕುವ ನಮ್ಮ ಭಾಗದಲ್ಲಿ ಹೆಚ್ಚು ಕೇಳುವ ಪ್ರಶ್ನೆ ಜಮೀನಿನದು. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂದಾಯಿತು. ಅದನ್ನೇ ಹಿಡಿದು ವಿದೇಶಿ ಸೊಸೆಯ ಹೆಸರಿಗೂ ಹೊಲ ಕೊಳ್ಳಬಹುದು ಎನ್ನುವವರಿದ್ದಾರೆ. ಆದರೆ ವಿದೇಶಿ ವಿನಿಮಯ ನಿಯಮಗಳು ಕೇಂದ್ರದವು. ಅವುಗಳ ಪ್ರಕಾರ ಒಸಿಐ ಇದ್ದವರು ಕೃಷಿ ಭೂಮಿ, ಫಾರ್ಮ್‌ಹೌಸ್, ತೋಟ ಖರೀದಿಸುವಂತಿಲ್ಲ. ವಾರಸುದಾರಿಕೆಯಿಂದ ಬರುವುದು ಬೇರೆ ವಿಷಯ. ದುಡಿದ ದುಡ್ಡಲ್ಲಿ ಹೊಲ ತೆಗೆದುಕೊಳ್ಳುವ ಮುಂಚೆ ಯಾರ ಹೆಸರಿಗೆ ಎಂಬುದನ್ನು ವಕೀಲರಲ್ಲಿ ಕೇಳಿಯೇ ಮುಂದುವರಿಯಿರಿ.

ಫಿಲಿಪ್ಪೀನ್ಸಿನಲ್ಲೂ ಇದೇ ಮಾತು. ಅಲ್ಲಿನ 1987ರ ಸಂವಿಧಾನದ ಪ್ರಕಾರ ವಿದೇಶಿ ಅಳಿಯ ಜಮೀನು ಕೊಳ್ಳುವಂತಿಲ್ಲ. ವಾರಸುದಾರಿಕೆಗೆ ಅಲ್ಲಿಯೂ ವಿನಾಯಿತಿ ಇದೆ.

ಹೇಳಿಕೆ 3: ಮದುವೆಯಾದ ಕೂಡಲೇ ಭಾರತದ ಪೌರತ್ವ

ತಪ್ಪು. ಪೌರತ್ವ ಕಾಯ್ದೆಯ 5(1)(ಸಿ) ಕಲಮಿನಂತೆ, ಭಾರತೀಯರನ್ನು ಮದುವೆಯಾದವರು ಏಳು ವರ್ಷ ಭಾರತದಲ್ಲಿ ವಾಸವಿದ್ದ ಮೇಲೆ ನೋಂದಣಿಯ ಮೂಲಕ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಗ ತಮ್ಮ ಹಳೆಯ ದೇಶದ ಪೌರತ್ವ ಬಿಡಬೇಕು. ತವರಿನಲ್ಲಿ ತಂದೆ-ತಾಯಿ, ಆಸ್ತಿ, ನೌಕರಿ ಇರುವವರಿಗೆ ಇದು ಸಣ್ಣ ನಿರ್ಧಾರವಲ್ಲ. ಅದಕ್ಕೇ ಬಹಳ ದಂಪತಿಗಳು ಒಸಿಐಯಲ್ಲೇ ನಿಲ್ಲುತ್ತಾರೆ.

ಎಲ್ಲಕ್ಕೂ ಬುನಾದಿ: ಮದುವೆ ನೋಂದಣಿ

ಗುಡಿಯಲ್ಲಿ ತಾಳಿ ಕಟ್ಟಿದ ಫೋಟೊ, ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ ಇವು ನೆನಪಿಗೆ ಚೆಂದ. ವೀಸಾ ಮತ್ತು ಒಸಿಐಗೆ ಬೇಕಾಗುವುದು ನೋಂದಣಿ ಪ್ರಮಾಣಪತ್ರ. ನೋಂದಣಿ ತಡವಾದಷ್ಟು ಒಸಿಐ ದೂರ ಹೋಗುತ್ತದೆ.

ಮೂರು ದಾರಿಗಳಿವೆ.

- ಭಾರತದಲ್ಲಿ ಮದುವೆಯಾಗುವುದಾದರೆ, ಇಬ್ಬರ ಧರ್ಮ ಬೇರೆಯಾಗಿದ್ದಾಗ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಅಂದರೆ ಇಪ್ಪತ್ತು ದಿನದ ರಜೆಯಲ್ಲಿ ಬಂದು ಮುಗಿಸುವ ಕೆಲಸ ಇದಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು.
- ವಿದೇಶದಲ್ಲಿ ಭಾರತದ ರಾಯಭಾರ ಕಚೇರಿಯಲ್ಲೇ ಮದುವೆಯಾಗುವುದಾದರೆ 1969ರ ವಿದೇಶಿ ವಿವಾಹ ಕಾಯ್ದೆ. ಒಬ್ಬರಾದರೂ ಭಾರತೀಯರಾಗಿರಬೇಕು.
- ಫಿಲಿಪ್ಪೀನ್ಸಿನ ಕಾನೂನಿನಂತೆ ಅಲ್ಲೇ ಮದುವೆಯಾಗುವುದಾದರೆ, ವರ ಮದುವೆಯಾಗಲು ಅರ್ಹ ಎಂಬ ಪತ್ರವನ್ನು ತನ್ನ ದೇಶದ ರಾಯಭಾರ ಕಚೇರಿಯಿಂದ ತರಬೇಕು. ಮದುವೆಯ ನಂತರ ಅಲ್ಲಿನ ಅಂಕಿಅಂಶ ಪ್ರಾಧಿಕಾರ ಕೊಡುವ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ ಹಾಕಿಸಿಕೊಳ್ಳಬೇಕು. ಅಪೊಸ್ಟಿಲ್ ಎಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಹಾಕುವ ಅಧಿಕೃತ ಮುದ್ರೆ. ಭಾರತ 2005ರಿಂದ, ಫಿಲಿಪ್ಪೀನ್ಸ್ 2019ರ ಮೇ 14ರಿಂದ ಈ ಒಪ್ಪಂದದಲ್ಲಿವೆ.

ಮುಸ್ಲಿಮರಿಗೆ ಇರುವ ವಿಶೇಷ ಕಾನೂನು ಬಿಟ್ಟರೆ ಫಿಲಿಪ್ಪೀನ್ಸಿನ ಒಳಗೆ ವಿಚ್ಛೇದನದ ಕಾನೂನಿಲ್ಲ. ಹಿಂದೆ ಮದುವೆಯಾಗಿ ಗಂಡನಿಂದ ದೂರವಿದ್ದಾರೆ ಎಂದಮಾತ್ರಕ್ಕೆ ಅವರು ಕಾನೂನಿನ ಕಣ್ಣಿನಲ್ಲಿ ಬಿಡುಗಡೆಯಾದಂತಲ್ಲ. ಹಳೆಯ ಮದುವೆ ಊರ್ಜಿತವಿದ್ದರೆ ಹೊಸ ಮದುವೆ ನಿಲ್ಲುವುದಿಲ್ಲ, ಅದರ ಮೇಲೆ ಪಡೆದ ವೀಸಾ, ಒಸಿಐಯೂ ನಿಲ್ಲುವುದಿಲ್ಲ. ಮದುವೆ ದಾಖಲೆ ಇಲ್ಲ ಎಂಬ ಪ್ರಮಾಣಪತ್ರವನ್ನು ಅಲ್ಲಿನ ಅಂಕಿಅಂಶ ಪ್ರಾಧಿಕಾರ ಕೊಡುತ್ತದೆ. ಅದನ್ನು ಮೊದಲೇ ನೋಡಿಕೊಳ್ಳುವುದು ಅನುಮಾನವಲ್ಲ, ಜಾಣತನ. ನಮ್ಮ ಕಡೆಯ ಹುಡುಗನ ಬಗ್ಗೆಯೂ ಅವರು ಇಂಥದ್ದೇ ದಾಖಲೆ ಕೇಳುತ್ತಾರೆ.

ಫಿಲಿಪ್ಪೀನ್ಸ್ ಪ್ರಜೆ ವಿದೇಶಿ ಗಂಡನ ಜೊತೆ ನೆಲೆಸಲು ದೇಶ ಬಿಡುವಾಗ, ವಿದೇಶದಲ್ಲಿರುವ ಫಿಲಿಪ್ಪೀನ್ಸ್ ಪ್ರಜೆಗಳಿಗಾಗಿ ಇರುವ ಅಲ್ಲಿನ ಸರ್ಕಾರಿ ಆಯೋಗದ ಸಮಾಲೋಚನೆಯಲ್ಲಿ ಭಾಗವಹಿಸಿ ಪ್ರಮಾಣಪತ್ರ ಪಡೆಯಬೇಕು. ಇದಿಲ್ಲದೆ ಮನಿಲಾ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಭಾರತದ ವೀಸಾ ಕೈಯಲ್ಲಿದ್ದೂ ಪ್ರಯಾಣ ತಪ್ಪುವುದು ಹೀಗೆ.

ಹೇಳಿಕೆ 4: ನಮ್ಮ ಮನೆಯಲ್ಲಿ ಉಳಿದರೆ ಯಾರಿಗೂ ತಿಳಿಸಬೇಕಿಲ್ಲ

ತಪ್ಪು. ವಿದೇಶಿಯರಿಗೆ ವಸತಿ ಕೊಟ್ಟವರು 24 ಗಂಟೆಯೊಳಗೆ ಆ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ದಾಖಲಿಸಬೇಕು. ‘ಫಾರ್ಮ್ ಸಿ’ ಎಂದು ಎಲ್ಲರಿಗೂ ಗೊತ್ತಿರುವುದು ಇದೇ. ಲಾಡ್ಜ್, ಹೋಟೆಲ್, ಧರ್ಮಶಾಲೆ ಮಾತ್ರವಲ್ಲ, ವಿದೇಶಿಯರು ಉಳಿಯುವ ಖಾಸಗಿ ಮನೆಯೂ ಇದರಲ್ಲಿ ಬರುತ್ತದೆ. ಮನೆಯ ಯಜಮಾನರು ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಖಾತೆ ತೆರೆದು, ಅತಿಥಿಯ ಪಾಸ್‌ಪೋರ್ಟ್ ಮತ್ತು ವೀಸಾ ವಿವರ ತುಂಬಬೇಕು. ಖಾತೆಗೆ ಒಪ್ಪಿಗೆ ಸಿಗಲು ಸಮಯ ಹಿಡಿಯುವುದರಿಂದ ಸೊಸೆ ಬರುವ ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳಲ್ಲಿ ವಿದೇಶಿ ಸೊಸೆ ಬಂದ ಸುದ್ದಿ ಒಂದೇ ದಿನದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಠಾಣೆಗೆ ತಡವಾಗಿ ಬಾಯಿಮಾತಿನಲ್ಲಿ ತಿಳಿಯುವುದಕ್ಕಿಂತ ನೀವೇ ಮೊದಲು ದಾಖಲಿಸಿದರೆ ನೆಮ್ಮದಿ. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿಯ ಹೊಣೆ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯದು. ವೀಸಾ ವಿಸ್ತರಣೆ, ಬದಲಾವಣೆ, ನೋಂದಣಿ ಇವಕ್ಕೆ 2018ರಿಂದ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಬಹುತೇಕ ಕೆಲಸಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ಕರೆದಾಗ ಮಾತ್ರ ಹೋಗಬೇಕು.

ಇಲ್ಲಿಂದ ಗಡಿ ದಾಟಿ ಅಕ್ಕಲಕೋಟೆ, ಸೊಲ್ಲಾಪುರ, ಪಂಢರಪುರಕ್ಕೆ ಹೋಗಲು ಬೇರೆ ಅನುಮತಿ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ರಾಜ್ಯದಿಂದ ರಾಜ್ಯಕ್ಕೆ ವೀಸಾ ಬದಲಾಗುವುದಿಲ್ಲ. ಈಶಾನ್ಯದ ಕೆಲವು ರಾಜ್ಯಗಳಂಥ ಗೊತ್ತುಪಡಿಸಿದ ಪ್ರದೇಶಗಳಿಗೆ ಮಾತ್ರ ವಿಶೇಷ ಪರವಾನಗಿ ಬೇಕು. ಆದರೆ ಸೊಲ್ಲಾಪುರದಲ್ಲಿ ರಾತ್ರಿ ಲಾಡ್ಜ್‌ನಲ್ಲಿ ಉಳಿದರೆ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ, ಲಾಡ್ಜ್‌ನವರು ಅಲ್ಲಿಂದ ಫಾರ್ಮ್ ತುಂಬುತ್ತಾರೆ.

ಅವಧಿ ಮೀರಿದರೆ ಏನಾಗುತ್ತದೆ?

ಹಬ್ಬ ಮುಗಿಸಿಕೊಂಡು ಹೋಗಲಿ ಎಂದು ಒಂದು ವಾರ ಹೆಚ್ಚು ಉಳಿಸಿಕೊಂಡರೆ ಅದು ಪ್ರೀತಿ ಅನ್ನಿಸಬಹುದು, ಕಾನೂನಿಗೆ ಅದು ಅಪರಾಧ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಜಾರಿಯಲ್ಲಿದೆ. 1920, 1939, 1946ರ ಹಳೆಯ ಕಾಯ್ದೆಗಳ ಜಾಗಕ್ಕೆ ಇದು ಬಂದಿದೆ. ಇದರ ಪ್ರಕಾರ ವೀಸಾ ಅವಧಿ ಮೀರಿ ಉಳಿದರೆ ಅಥವಾ ಷರತ್ತು ಮುರಿದರೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ನಕಲಿ ದಾಖಲೆ ಬಳಸಿದರೆ ಕನಿಷ್ಠ ಎರಡು ವರ್ಷದಿಂದ ಏಳು ವರ್ಷದವರೆಗೆ ಜೈಲು ಇದೆ.

ಕಾಯಿಲೆ, ಹೆರಿಗೆ, ವಿಮಾನ ರದ್ದು ಇಂಥ ನಿಜವಾದ ಕಾರಣವಿದ್ದರೆ ಅವಧಿ ಮುಗಿಯುವ ಮೊದಲೇ ಇ-ಎಫ್‌ಆರ್‌ಆರ್‌ಒನಲ್ಲಿ ದಾಖಲೆಯೊಡನೆ ಅರ್ಜಿ ಹಾಕಿ. ಅವಧಿ ಈಗಾಗಲೇ ಮೀರಿದ್ದರೆ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಮೊದಲು ಅಲ್ಲೇ ಹೊರಹೋಗುವ ಅನುಮತಿಗೆ ಅರ್ಜಿ ಹಾಕಿ, ದಂಡ ಕಟ್ಟಿ. ಬಚ್ಚಿಟ್ಟಷ್ಟು ಮುಂದಿನ ವೀಸಾಕ್ಕೆ ಏಟು ಬೀಳುತ್ತದೆ.

ಮಕ್ಕಳ ವಿಷಯ

ಭಾರತೀಯ ತಂದೆಗೆ ವಿದೇಶದಲ್ಲಿ ಹುಟ್ಟಿದ ಮಗು ತಾನಾಗಿಯೇ ಭಾರತೀಯ ಆಗಿಬಿಡುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆ-ತಾಯಿ ಘೋಷಿಸಬೇಕು. ಒಂದು ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ತಾಯಿಯ ದೇಶದ ಪಾಸ್‌ಪೋರ್ಟ್ ಮಾಡಿಸಿದ್ದರೆ ಮಗುವಿಗೆ ಒಸಿಐ ಪಡೆಯಬಹುದು. ಮಗುವಿಗೆ ಎರಡು ವರ್ಷ ಕಾಯುವ ಷರತ್ತಿಲ್ಲ. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಯಾವ ದೇಶದ ಪಾಸ್‌ಪೋರ್ಟ್ ಎಂದು ಗಂಡ-ಹೆಂಡತಿ ಕೂತು ಮಾತಾಡಿಕೊಳ್ಳಬೇಕು.

ನಾವು ಬೀಗರ ಊರಿಗೆ ಹೋಗುವಾಗ

ಈಗ ಉಲ್ಟಾ ಪ್ರಯಾಣ. 2025ರ ಜೂನ್ 8ರಿಂದ ಭಾರತೀಯರು ಫಿಲಿಪ್ಪೀನ್ಸಿಗೆ ವೀಸಾ ಇಲ್ಲದೆ 14 ದಿನದ ಪ್ರವಾಸಕ್ಕೆ ಹೋಗಬಹುದು. ಆರು ತಿಂಗಳ ಅವಧಿಯುಳ್ಳ ಪಾಸ್‌ಪೋರ್ಟ್, ಉಳಿಯುವ ಜಾಗದ ದಾಖಲೆ, ಮರಳುವ ಟಿಕೆಟ್, ಖರ್ಚಿಗೆ ಹಣ ಇರುವುದಕ್ಕೆ ಆಧಾರ ತೋರಿಸಬೇಕು. ಅಮೆರಿಕ, ಜಪಾನ್, ಆಸ್ಟ್ರೇಲಿಯ, ಕೆನಡಾ, ಷೆಂಗೆನ್ ದೇಶಗಳು, ಸಿಂಗಪುರ, ಬ್ರಿಟನ್ ಇವುಗಳ ಚಾಲ್ತಿ ವೀಸಾ ಅಥವಾ ವಾಸದ ಪರವಾನಗಿ ಇದ್ದವರಿಗೆ 30 ದಿನ. ಈ ಅವಧಿಯನ್ನು ಅಲ್ಲಿ ಹೋಗಿ ವಿಸ್ತರಿಸಲು ಬರುವುದಿಲ್ಲ. ಹೆಚ್ಚು ದಿನ ಬೇಕಾದವರು ಮೊದಲೇ ದೆಹಲಿಯ ಫಿಲಿಪ್ಪೀನ್ಸ್ ರಾಯಭಾರ ಕಚೇರಿಯ ಮೂಲಕ ವೀಸಾ ಪಡೆಯಬೇಕು.

‘ಫಿಲಿಪ್ಪೀನ್ಸ್ ಹೆಂಡತಿಯ ಜೊತೆ ಹೋದರೆ ಗಂಡನಿಗೆ ಒಂದು ವರ್ಷ ಫ್ರೀ’ ಎಂಬ ಮಾತೂ ಓಡಾಡುತ್ತದೆ. ಇದರಲ್ಲಿ ಅರ್ಧ ನಿಜ ಇದೆ. ಬಾಲಿಕ್‌ಬಾಯನ್ ಎಂದರೆ ಊರಿಗೆ ಮರಳುವವರು. ಆ ಹೆಸರಿನ ಸೌಲಭ್ಯ 1989ರ ಕಾನೂನಿನಿಂದ ಬಂತು, 2002ರಲ್ಲಿ ತಿದ್ದುಪಡಿಯಾಯಿತು. ವಿದೇಶದಿಂದ ಮರಳುವ ಫಿಲಿಪ್ಪೀನ್ಸ್ ಪ್ರಜೆಯ ಜೊತೆಯಲ್ಲೇ ಬರುವ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳಿಗೆ ಒಂದು ವರ್ಷದ ವೀಸಾರಹಿತ ಪ್ರವೇಶ ಅದರಲ್ಲಿದೆ. ಆದರೆ ನಿರ್ಬಂಧಿತ ದೇಶಗಳ ಪ್ರಜೆಗಳಿಗೆ ಇದು ಅನ್ವಯಿಸದು ಎಂಬ ಮಾತೂ ಅದೇ ಕಾನೂನಿನಲ್ಲಿದೆ. ಅಮೆರಿಕದ ಗಂಡನಿಗೆ ಸಿಕ್ಕಿದ್ದು ಭಾರತದ ಪಾಸ್‌ಪೋರ್ಟ್‌ಗೂ ಸಿಗುತ್ತದೆ ಎಂದು ಎಣಿಸದೆ, ಟಿಕೆಟ್‌ಗೆ ಮುಂಚೆ ರಾಯಭಾರ ಕಚೇರಿಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಹೆಂಡತಿ ಮೊದಲು ಹೋಗಿ ಗಂಡ ಆಮೇಲೆ ಹೋದರೆ ಈ ಸೌಲಭ್ಯವೇ ಇಲ್ಲ, ಜೊತೆಯಲ್ಲೇ ಇಳಿಯಬೇಕು.

ಅಲ್ಲೇ ನೆಲೆಸುವವರಿಗೆ 13(ಎ) ಎಂಬ ವಾಸದ ವೀಸಾ ಇದೆ, ಮೊದಲು ಒಂದು ವರ್ಷ ಪರೀಕ್ಷಾ ಅವಧಿಗೆ ಕೊಡುತ್ತಾರೆ. ಫಿಲಿಪ್ಪೀನ್ಸಿನವರಿಗೆ ಅಂಥದ್ದೇ ಸೌಲಭ್ಯ ಕೊಡುವ ದೇಶಗಳ ಪ್ರಜೆಗಳಿಗೆ ಮಾತ್ರ ಅದು. ಉಳಿದವರಿಗೆ ತಾತ್ಕಾಲಿಕ ವಾಸದ ವೀಸಾ. ಇಳಿಯುವ 72 ಗಂಟೆಯೊಳಗೆ ಇ-ಟ್ರಾವೆಲ್ ನೋಂದಣಿ ಮಾಡಬೇಕು, ಅದೂ ಉಚಿತ.

ಫಾರ್ವರ್ಡ್ ಬಂದಾಗ ಏನು ನೋಡಬೇಕು?

- ಯಾವ ದೇಶದ ಪಾಸ್‌ಪೋರ್ಟ್‌ಗೆ ಈ ಮಾತು ಎಂದು ಬರೆದಿದೆಯೇ? ಇಲ್ಲದಿದ್ದರೆ ನಂಬಬೇಡಿ.
- ದಿನಾಂಕ ಇದೆಯೇ? ವೀಸಾ ನಿಯಮ ಬದಲಾಗುತ್ತಿರುತ್ತದೆ, ಮೂರು ವರ್ಷದ ಹಿಂದಿನ ಸಂದೇಶ ಇವತ್ತಿಗೆ ಸುಳ್ಳಾಗಿರಬಹುದು.
- ಲಿಂಕ್ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ? ಭಾರತದ ಇ-ವೀಸಾ, ಒಸಿಐ, ಎಫ್‌ಆರ್‌ಆರ್‌ಒ ಮೂರೂ ಸರ್ಕಾರಿ ಜಾಲತಾಣಗಳು ಹಾಗೆಯೇ ಮುಗಿಯುತ್ತವೆ. ಹೆಸರು, ಬಣ್ಣ, ಲಾಂಛನ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ.
- ‘ಗ್ಯಾರಂಟಿ ವೀಸಾ’ ಎನ್ನುತ್ತಾರೆಯೇ? ವೀಸಾ ಕೊಡುವುದು ಸರ್ಕಾರ. ಯಾವ ಏಜೆಂಟರಿಗೂ ಗ್ಯಾರಂಟಿ ಕೊಡುವ ಅಧಿಕಾರವಿಲ್ಲ.
- ಸೊಸೆಯ ಪಾಸ್‌ಪೋರ್ಟ್ ಫೋಟೊವನ್ನು ಗುಂಪಿನಲ್ಲಿ ಹಾಕಿ ‘ಇದಕ್ಕೆ ವೀಸಾ ಬೇಕಾ’ ಎಂದು ಕೇಳಬೇಡಿ. ಆ ಫೋಟೊ ಯಾರ ಕೈಗೆ ಹೋಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ.

ತೀರ್ಪು

ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ವೀಸಾ ಬೇಕಿಲ್ಲ, ಪೌರತ್ವ ಕೂಡಲೇ ಸಿಗುತ್ತದೆ, ಒಸಿಐ ಎಂದರೆ ಎರಡು ದೇಶದ ಪೌರತ್ವ, ಮನೆಯಲ್ಲಿ ಉಳಿದರೆ ತಿಳಿಸಬೇಕಿಲ್ಲ ಎಂಬ ನಾಲ್ಕೂ ಹೇಳಿಕೆಗಳು ತಪ್ಪು. ಒಂದು ವರ್ಷ ಫ್ರೀ ಎಂಬ ಫಿಲಿಪ್ಪೀನ್ಸ್ ಸುದ್ದಿ ಭಾಗಶಃ ಮಾತ್ರ ನಿಜ. ಮೊದಲ ಭೇಟಿಗೆ ಇ-ಟೂರಿಸ್ಟ್ ವೀಸಾ, ಹೆಚ್ಚು ದಿನಕ್ಕೆ ಎಂಟ್ರಿ ವೀಸಾ, ಎರಡು ವರ್ಷದ ನಂತರ ಒಸಿಐ ಎಂಬ ಕ್ರಮ ಹೆಚ್ಚಿನ ಕುಟುಂಬಗಳಿಗೆ ಸರಿಹೊಂದುತ್ತದೆ. ಇದಕ್ಕೆಲ್ಲ ಮೊದಲ ಮೆಟ್ಟಿಲು ಮದುವೆ ನೋಂದಣಿ. ಅದನ್ನು ಇವತ್ತೇ ಮಾಡಿಸಿದರೆ ಎರಡು ವರ್ಷದ ಎಣಿಕೆ ಬೇಗ ಮುಗಿಯುತ್ತದೆ.